ರಾಯಭಾರಿಯ ಮಗಳಿಗೆ ನಾನು ಮಾಡಿದ್ದು

ಎಡಗಾಲಿಗೆ ಕೆಂಪು ಚಪ್ಪಲಿ, ಬಲಗಾಲಿಗೆ ನೀಲಿ. ಎಡಪಾದ ಸದಾ ಊದಿಕೊಂಡಿರುತ್ತಿದ್ದುದರಿಂದ ನಮ್ಮ ಕೆಳಗಿನ ಮನೆಯ ಆಂಟಿ ಎರಡು ಅಳತೆಯ ಎರಡು ಜೊತೆ ಕೊಂಡು, ಹೀಗೆ ಬೆರೆಸಿ ಹಾಕಿಕೊಳ್ಳುತ್ತಿದ್ದರು. ಯಾರಾದರೂ ನಕ್ಕರೆ, "ಕಾಲು ನಂದು, ಚಪ್ಪಲೀನೂ ನಂದು, ನಿಂಗೇನು ಕಷ್ಟ ಲಾ?" ಎನ್ನುತ್ತಿದ್ದರು. ಹುಟ್ಟಿ ಬೆಳೆದದ್ದು ಸಿಂಗಪುರದಲ್ಲೇ ಆದರೂ ಅವರ ಕನ್ನಡ ಹಳೇ ಮೈಸೂರಿನದು. ಆ 'ಲಾ' ಮಾತ್ರ ಇಲ್ಲಿಯದು.

ನಾವು ಸೆರಂಗೂನಿನ ಆ ಬ್ಲಾಕಿಗೆ ಬಂದದ್ದು 2014ರಲ್ಲಿ. ನಾನು ಬ್ಯೂನಾ ವಿಸ್ಟಾದ ಆಫೀಸಿನಿಂದ ಬರುವಷ್ಟರಲ್ಲಿ ಅವರು ಬ್ಲಾಕಿನ ಬುಡದ ತೆರೆದ ಜಾಗದಲ್ಲಿ, ಇಲ್ಲಿಯವರು ವಾಯ್ಡ್ ಡೆಕ್ ಎನ್ನುವಲ್ಲಿ, ಕಲ್ಲುಬೆಂಚಿನ ಮೇಲೆ ಕಾದು ಕೂತಿರುತ್ತಿದ್ದರು. ಅವರ ತಂದೆ ಸೆಂಬವಾಂಗ್ ಹಡಗುಕಟ್ಟೆಯಲ್ಲಿ ಗುಮಾಸ್ತರಾಗಿದ್ದವರು. ಎರಡನೇ ಮಹಾಯುದ್ಧದ ಕಾಲದಲ್ಲಿ, ಭಾರತದ ಬಿಡುಗಡೆಗೆಂದು ಇಲ್ಲಿ ಎದ್ದ ತಾತ್ಕಾಲಿಕ ಸರ್ಕಾರ ಅವರನ್ನು ಬ್ಯಾಂಕಾಕಿಗೆ ರಾಯಭಾರಿಯಾಗಿ ಕಳಿಸಿತ್ತು.

ಆದರೆ ಆಂಟಿಯ ಕಥೆ ಶುರುವಾಗುತ್ತಿದ್ದುದು ಅಪ್ಪನ ತಾಯಿಯಿಂದ. ಆಕೆ ಮೈಸೂರಿನಲ್ಲಿ ಮನೆಮನೆಗೆ ಹೋಗಿ ಅಡುಗೆ ಮಾಡುತ್ತಿದ್ದ ವಿಧವೆ. ಮಗ ಅಮ್ಮನ ಹಿಂದೆ ಹೋಗಿ ಎಲೆ ಹಾಕಿ, ನೀರು ಬಡಿಸಿ ಬೆಳೆದವನು.

"ಅಪ್ಪ ಹೇಳೋರು ಕಣೇ, ಯಾರ ಎಲೇಲಿ ಏನು ಖಾಲಿ ಆಯ್ತು, ಯಾರು ಕೇಳೋಕೆ ನಾಚ್ಕೋತಿದಾರೆ ಅಂತ ನೋಡೋದನ್ನ ಅಮ್ಮ ಕಲಿಸಿದ್ಲು, ಬ್ಯಾಂಕಾಕಲ್ಲಿ ನಾನು ಮಾಡಿದ್ದೂ ಅದೇ ಕೆಲಸ ಅಂತ."

ಇಲ್ಲಿನ ಕನ್ನಡಿಗರ ರಾಜ್ಯೋತ್ಸವ ಸಂಚಿಕೆಗೆ ನಾನೇ ಸಂಪಾದಕಿ. "ಅಪ್ಪನ ಬಗ್ಗೆ ಬರಿ. ಅಜ್ಜಿ ಮಾತ್ರ ಬರಲೇಬೇಕು. ಅವಳ ಸುದ್ದಿ ಯಾವ ಪುಸ್ತಕದಲ್ಲೂ ಇಲ್ಲ, ನಾನು ಹೋದ್ರೆ ಹೇಳೋರೂ ಇಲ್ಲ" ಎಂದರು ಆಂಟಿ. ಮಾತು ಕೊಟ್ಟೆ.

ಬರೆದೆ. ಏನು ಬರೆದೆ! ಸನ್ಮಾನಪತ್ರ ಬರೆದು ಬರೆದು ಕೆಟ್ಟುಹೋಗಿದ್ದ ಕೈ. 'ಮೈಸೂರಿನ ಪ್ರತಿಷ್ಠಿತ ಮನೆತನವೊಂದರಲ್ಲಿ ಜನಿಸಿದ' ಎಂದೇ ಶುರು. ಅಜ್ಜಿಯೂ ಇಲ್ಲ, ಅಡುಗೆಯೂ ಇಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ರಾಯಭಾರಿಯ ತಾಯಿ ಅಡುಗೆಯವಳು ಎಂದರೆ ಓದಿದವರು ಏನಂದುಕೊಂಡಾರೋ ಎಂದು ನಾಚಿದವಳು ನಾನು. ಅವರ ಮನೆಯವರಿಗೇ ಇಲ್ಲದ ನಾಚಿಕೆ ನನಗೇಕೆ? ಥೂ, ನನ್ನ ಬುದ್ಧಿಗಿಷ್ಟು.

ಆಂಟಿ ಭೂತಗನ್ನಡಿ ಹಿಡಿದು, ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದರು.

"ಅಜ್ಜಿ ಎಲ್ಲೇ?"

"ಜಾಗ ಸಾಲ್ಲಿಲ್ಲ ಆಂಟಿ. ನೆಕ್ಸ್ಟ್ ಇಯರ್ ಖಂಡಿತ ಹಾಕ್ತೀನಿ."

"ಕಂಡೋರ ಮನೆ ಒಲೆ ಊದಿ ಮಗನ್ನ ಸಾಕಿದ್ಲು. ಅವಳಿಗೆ ನಾಲ್ಕು ಸಾಲು ಜಾಗ ಇರ್ಲಿಲ್ವಾ?"

ಬೈದಿದ್ದರೆ ಚೆನ್ನಾಗಿತ್ತು. ಮರುದಿನವೂ ಬೆಂಚಿಗೆ ಬಂದರು, ನನ್ನ ಮಗಳ ಪರೀಕ್ಷೆಯ ಬಗ್ಗೆ, ಮಾರ್ಕೆಟ್ಟಿನ ಸೊಪ್ಪಿನ ಬಗ್ಗೆ ಮಾತಾಡಿದರು. ಅಪ್ಪನ ಸುದ್ದಿ ಮಾತ್ರ ಮತ್ತೆ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಮರುವರ್ಷದ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿದರೆ ನನ್ನ ಮರ್ಯಾದೆ ಹೋಗುತ್ತದೆಂದು ಸುಮ್ಮನಾದೆ. ಅದರ ಮುಂದಿನ ವರ್ಷ ಅವರೇ ಇರಲಿಲ್ಲ.

ಸಂಸ್ಕಾರ ಮುಗಿದ ಮೇಲೆ ಅವರ ಮನೆಗೆ ಹೋದೆ. ಪರ್ತ್‌ನಿಂದ ಬಂದಿದ್ದ ಅವರ ಮೊಮ್ಮಗ ಕಾಫಿ ತಂದುಕೊಟ್ಟು ಪಕ್ಕದಲ್ಲಿ ಕೂತ.

"ಆಂಟಿ, ಅಜ್ಜಿ ಇದ್ದಾಗ ನಾವ್ಯಾರೂ ಏನೂ ಕೇಳ್ಲಿಲ್ಲ. ಫ್ಯಾಮಿಲಿ ಬಗ್ಗೆ ನಮ್ ಹತ್ರ ಇರೋದು ನಿಮ್ ಆರ್ಟಿಕಲ್ ಒಂದೇ. ಇಂಗ್ಲಿಷಿಗೆ ಟ್ರಾನ್ಸ್‌ಲೇಟ್ ಮಾಡ್ಸಿ ಎಲ್ಲಾರ್ಗೂ ಕಳ್ಸಿದೀನಿ. ನಮ್ದು ಅಷ್ಟು ದೊಡ್ಡ ಮನೆತನ ಅಂತ ಗೊತ್ತೇ ಇರ್ಲಿಲ್ಲ. ಥ್ಯಾಂಕ್ಯೂ."

ಹೇಳಬೇಕೆಂದು ಬಾಯಿ ತೆರೆದೆ. ಸುತ್ತ ಜನರಿದ್ದರು.

"ಅಯ್ಯೋ, ಪರ್ವಾಗಿಲ್ಲಪ್ಪ" ಎಂದೆ. ಕಾಫಿ ಕುಡಿದು ಎದ್ದು ಬಂದೆ.