ಗ್ಯಾಲರಿಯಲ್ಲಿ ತೂಗುಹಾಕಿದ ಕೌದಿಯ ವಿಷಯವಾಗಿ

ಓದುಗರ ಸಮಯವನ್ನು ಕೋರುವ ಮೊದಲು ನನ್ನ ಅರ್ಹತೆಯನ್ನು ತಿಳಿಸುವುದು ಕರ್ತವ್ಯವೆಂದು ಭಾವಿಸುತ್ತೇನೆ. ನಾನು ಕಾಂದಿವಲಿಯ ಒಂದು ಉಡುಪಿ ಹೋಟೆಲಿನಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಅರ್ಜಿ, ಮನವಿ, ರಜಾಚೀಟಿ ಹಾಗೂ ಸಂತಾಪ ಸೂಚನೆಗಳನ್ನು ಬಿಟ್ಟರೆ ಈವರೆಗೆ ಏನನ್ನೂ ಬರೆದವನಲ್ಲ. ಬಹಳ ಹಿಂದೆ ಮಾಟುಂಗದಲ್ಲಿ ಕೆಲಸಕ್ಕಿದ್ದಾಗ ಅಲ್ಲಿನ ಕನ್ನಡ ರಾತ್ರಿಶಾಲೆಗೆ ಹೋಗುತ್ತಿದ್ದೆ. ಹಗಲೆಲ್ಲ ಟೇಬಲ್ ಒರೆಸಿ ಬರುವವರಿಗೆ ಮುಂದೆ ಯಾವುದು ಉಪಯೋಗಕ್ಕೆ ಬಂದೀತೆಂದು ಮೇಷ್ಟ್ರು ಆಲೋಚಿಸಿ, ಪತ್ರ ಬರೆಯುವುದನ್ನು ಕಲಿಸಿದರು. ಮೊದಲು ವಿಷಯ, ಆಮೇಲೆ ಕಾರಣ, ಕೊನೆಯಲ್ಲಿ ವಿನಂತಿ. ಈ ಬರಹದಲ್ಲಿಯೂ ಅದೇ ಕ್ರಮ ಕಂಡುಬಂದರೆ ಮನ್ನಿಸಬೇಕು. ನನಗೆ ಬೇರೆ ದಾರಿ ಗೊತ್ತಿಲ್ಲ.

ವಿಷಯ ಹೀಗಿದೆ. ನಮ್ಮ ಹೋಟೆಲಿನ ಹಿಂದಿರುವ ಗಲ್ಲಿಯಲ್ಲಿ ಪ್ರತಿ ವರ್ಷ ಚಳಿಗಾಲದ ಒಂದು ಶನಿವಾರ ಮತ್ತು ಭಾನುವಾರ ಕಲಾ ಉತ್ಸವ ನಡೆಯುತ್ತದೆ. ಇದಕ್ಕೆ ಸಭಾಂಗಣವಿಲ್ಲ, ವೇದಿಕೆಯಿಲ್ಲ. ಹಿಟ್ಟಿನ ಗಿರಣಿಯಲ್ಲಿ ತಬಲಾ ನುಡಿಯುತ್ತದೆ, ಗಿರಣಿ ನಿಲ್ಲುವುದಿಲ್ಲ. ಇಸ್ತ್ರಿ ಅಂಗಡಿಯ ಗೋಡೆಯಲ್ಲಿ ಚಿತ್ರಗಳಿರುತ್ತವೆ, ಅವುಗಳ ಎದುರಿಗೇ ಶರ್ಟುಗಳು ಇಸ್ತ್ರಿಯಾಗುತ್ತಿರುತ್ತವೆ. ಊಟದ ಗದ್ದಲ ಮುಗಿದು ಸಂಜೆಯ ಕಾಫಿ ಶುರುವಾಗುವವರೆಗಿನ ಅವಧಿಯಲ್ಲಿ ನಮ್ಮ ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ಕವಿತೆ ಓದುತ್ತಾರೆ. ಉಳಿದದ್ದೆಲ್ಲ ಪಕ್ಕದ ಮೂರು ಮಾಳಿಗೆಯ ಚಾಳಿನ ಗ್ಯಾಲರಿಗಳಲ್ಲಿ, ಅಂದರೆ ಸಾಲು ಕೋಣೆಗಳ ಮುಂದೆ ಉದ್ದಕ್ಕೂ ಇರುವ ಮೊಗಸಾಲೆಗಳಲ್ಲಿ. ಯಾವ ಸ್ಥಳವೂ ಉತ್ಸವಕ್ಕಾಗಿ ತನ್ನ ದಿನನಿತ್ಯದ ಕೆಲಸವನ್ನು ನಿಲ್ಲಿಸಬಾರದೆಂಬುದು ಇದರ ಒಂದೇ ನಿಯಮ. ನಿಯಮ ಮಾಡಿದವರು ಇದನ್ನು ಪ್ರಾರಂಭಿಸಿದ ಚಿತ್ರಕಲೆಯ ಟೀಚರ್. ಅವರು ಮರಾಠಿಯವರು, ಮುನ್ಸಿಪಲ್ ಶಾಲೆಯಿಂದ ನಿವೃತ್ತರಾದವರು, ಚಾಳಿನ ಮೂರನೆಯ ಮಾಳಿಗೆಯ ನಿವಾಸಿ.

ಟೀಚರ್ ನನ್ನ ಕೈಬರಹವನ್ನು ಹೋಟೆಲಿನ ಬೋರ್ಡಿನ ಮೇಲೆ ನೋಡಿ, ಪರವಾನಗಿ ಪತ್ರಗಳ ಜವಾಬ್ದಾರಿಯನ್ನು ನನಗೆ ವಹಿಸಿದರು. ಗಿರಣಿಯವರಿಗೆ, ಇಸ್ತ್ರಿಯವರಿಗೆ, ಚಾಳಿನ ಕಮಿಟಿಗೆ, ವಾರ್ಡ್ ಆಫೀಸಿಗೆ, ಯಾರಿಗೆ ಯಾವ ಭಾಷೆಯೋ ಆ ಭಾಷೆಯಲ್ಲಿ ನಾನು ಪತ್ರ ಬರೆಯುತ್ತ ಬಂದೆ. ಬಾಯಲ್ಲಿ ಕೇಳಿದರೆ ಆಗದ ಕೆಲಸ ಕಾಗದದಲ್ಲಿ ಕೇಳಿದರೆ ಆಗುತ್ತದೆಂಬುದು ನನ್ನ ನಂಬಿಕೆಯಾಗಿತ್ತು.

ಹೋದ ವರ್ಷ ಟೀಚರ್ ಕೌದಿಗಳ ಪ್ರದರ್ಶನ ಮಾಡಬೇಕೆಂದರು. ಚಾಳಿನ ಕೆಳ ಅಂತಸ್ತಿನಲ್ಲಿ ವಿಜಯಪುರದ ಕಡೆಯ ಒಬ್ಬ ಮುಸ್ಲಿಂ ವೃದ್ಧೆ ವಾಸವಾಗಿದ್ದಾರೆ. ಎಲ್ಲರೂ ಅವರನ್ನು ನಾನಿ ಎಂದು ಕರೆಯುತ್ತಾರೆ. ಗಂಡ ಗಾದಿ ತುಂಬುವ ಕೆಲಸ ಮಾಡಿಕೊಂಡಿದ್ದರಂತೆ. ಅವರು ತೀರಿಕೊಂಡ ನಂತರ ನಾನಿ ಹಳೆಯ ಸೀರೆ, ಲುಂಗಿ, ಶಾಲೆಯ ಯೂನಿಫಾರ್ಮುಗಳ ತುಂಡುಗಳನ್ನು ಪದರಪದರವಾಗಿ ಜೋಡಿಸಿ ಕೌದಿ ಹೊಲಿದು ಮನೆ ನಡೆಸಿದರು. ಚಾಳಿನಲ್ಲಿ ಅವರ ಕೌದಿ ಇಲ್ಲದ ಕೋಣೆಯಿಲ್ಲ.

ಆದರೆ ಅವರ ಬಳಿ ಆಗ ಉಳಿದಿದ್ದುದು ಮೂರೇ. ಎರಡು ಹಳೆಯವು. ಮೂರನೆಯದು ಹೊಸದು, ಮೊಳದಗಲದ ಸಣ್ಣದು, ಮರಿಮಗು ಹುಟ್ಟುವ ಮುಂಚೆಯೇ ಅದಕ್ಕಾಗಿ ಹೊಲಿದದ್ದು. ಅದರ ಒಂದು ಮೂಲೆಯನ್ನು ಅವರು ಹೊಲಿಯದೆ ಬಿಟ್ಟಿದ್ದರು. ಕಾರಣ ಕೇಳಿದೆ.

"ಮಗು ಮನಿಗೆ ಬಂದ ದಿನ ಆ ಮೂಲ್ಯಾಗ ರೊಟ್ಟಿ ಚೂರು ಇಟ್ಟು ಹೊಲೀಬೇಕ್ರಿ. ನಮ್ಮವ್ವ ಹಂಗ ಮಾಡತಿದ್ಳು. ಕೌದಿ ಹಸದಿರಬಾರದು."

ಮೊಮ್ಮಗಳಿಗೆ ಪರೇಲಿನ ಆಸ್ಪತ್ರೆಯಲ್ಲಿ ಹೆರಿಗೆಯಾಗಿತ್ತು. ಮಗು ದಿನ ತುಂಬುವ ಮೊದಲೇ ಹುಟ್ಟಿದ್ದರಿಂದ ಎರಡು ವಾರ ಗಾಜಿನ ಪೆಟ್ಟಿಗೆಯಲ್ಲಿತ್ತು. ಅದನ್ನು ಮನೆಗೆ ಕಳುಹಿಸುವ ದಿನ ಉತ್ಸವದ ಶನಿವಾರವೆಂದೇ ಗೊತ್ತಾಯಿತು. ಸಂಜೆ ಐದಕ್ಕೆ ತಲುಪುತ್ತಾರೆ. ಟೀಚರಿಗೆ ಮಾತ್ರ ಆ ಸಣ್ಣ ಕೌದಿಯೇ ಬೇಕಿತ್ತು. ಅಂಥ ಬಣ್ಣ ಉಳಿದೆರಡರಲ್ಲಿ ಇರಲಿಲ್ಲ.

ಆಗ ನಾನು ಒಂದು ಮುಚ್ಚಳಿಕೆ ಬರೆದೆ. "ಕೆಳಗೆ ಸಹಿ ಮಾಡಿರುವ ನಾನು ಸದರಿ ಕೌದಿಯನ್ನು ಪಡೆದ ಸ್ಥಿತಿಯಲ್ಲಿಯೇ, ಅದೇ ದಿನ ಸಂಜೆ ನಾಲ್ಕೂವರೆಯೊಳಗಾಗಿ ತಮಗೆ ಖುದ್ದಾಗಿ ಒಪ್ಪಿಸಲು ಬದ್ಧನಾಗಿದ್ದೇನೆ." ನಾನಿಗೆ ಓದಲು ಬಾರದು. ಓದಿ ಹೇಳಿದೆ.

"ಭಾಳ ಚಂದ ಐತ್ರಿ," ಎಂದರು. "ಕೌದಿಗೂ ಒಮ್ಮೆ ಓದಿ ಹೇಳ್ರಿ. ತಾನ ನಡಕೊಂಡು ಬಂದೀತು."

ಹೀಗೆಂದರೂ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚಹಾಪುಡಿಯ ಡಬ್ಬಿಯಲ್ಲಿಟ್ಟು, ಕೌದಿ ಕೊಟ್ಟರು. ಕೊಡುವಾಗ ಬೆರಳುಗಳನ್ನು ಬಿಟ್ಟ ಮೂಲೆಯ ಮೇಲೆ ಒಮ್ಮೆ ಆಡಿಸಿದರು. ಅವರ ಕಣ್ಣು ಮಂಜಾಗುತ್ತಿದ್ದ ಸಂಗತಿ ನನ್ನ ಗಮನದಲ್ಲಿತ್ತು. ಅದರ ಬಗ್ಗೆ ನಾನು ಹೆಚ್ಚು ಆಲೋಚಿಸಲಿಲ್ಲ.

ಇಲ್ಲಿ ನನ್ನ ತಪ್ಪನ್ನು ದಾಖಲಿಸಬೇಕಾಗಿದೆ. ಆ ವರ್ಷ ಚಾಳಿನಲ್ಲಿ ಸೊಳ್ಳೆ ಹೆಚ್ಚಾಗಿದ್ದುದರಿಂದ ನಾನು ವಾರ್ಡ್ ಆಫೀಸಿಗೆ ಇನ್ನೊಂದು ಪತ್ರವನ್ನೂ ಬರೆದಿದ್ದೆ. ಉತ್ಸವದ ನಿಮಿತ್ತ ಸೊಳ್ಳೆ ಓಡಿಸುವ ಹೊಗೆ ಹಾಕಿಸಿಕೊಡಬೇಕೆಂದು ಕೋರಿ, ಉತ್ಸವದ ತಾರೀಕನ್ನು ಸ್ಪಷ್ಟವಾಗಿ ನಮೂದಿಸಿದ್ದೆ. ಅದಕ್ಕೆ ಎರಡು ದಿನ ಮೊದಲು ಬರಬೇಕೆಂಬುದನ್ನು ನಮೂದಿಸಿರಲಿಲ್ಲ. ವಾರ್ಡ್ ಆಫೀಸಿನವರು ಪತ್ರದಲ್ಲಿದ್ದುದನ್ನು ಅಕ್ಷರಶಃ ಪಾಲಿಸಿದರು.

ಶನಿವಾರ ಬೆಳಿಗ್ಗೆ ಟೀಚರ್ ಮೂರೂ ಕೌದಿಗಳನ್ನು ಎರಡನೆಯ ಮಾಳಿಗೆಯ ಗ್ಯಾಲರಿಯ ಕಂಬಿಯ ಮೇಲೆ ತೂಗುಹಾಕಿ, ಪಕ್ಕದಲ್ಲಿ ಚಿಕ್ಕ ಚೀಟಿಗಳನ್ನು ಅಂಟಿಸಿದರು. ಬಿಸಿಲು ಬಿದ್ದಾಗ ಗಲ್ಲಿಯಿಂದಲೇ ಜನ ತಲೆಯೆತ್ತಿ ನೋಡಿದರು. ಮಧ್ಯಾಹ್ನ ಮೂರಕ್ಕೆ ಎಲ್ಲರೂ ಕವಿತೆ ಕೇಳಲು ಹೋಟೆಲಿಗೆ ಬಂದರು. ಮೂರನೆಯ ಕವಿತೆ ನಡೆಯುತ್ತಿರುವಾಗ ಹೊರಗೆ ಯಂತ್ರದ ಸದ್ದು ಕೇಳಿಸಿತು. ಕವಿ ತಮ್ಮ ಧ್ವನಿಯನ್ನು ಏರಿಸಿದರು. ನಾನು ಬಾಗಿಲು ಮುಚ್ಚಿದೆ. ಅದು ನನ್ನ ಪತ್ರದ ಉತ್ತರವೆಂದು ನನಗೆ ಹೊಳೆಯಲಿಲ್ಲ.

ನಾಲ್ಕಕ್ಕೆ ನಾನೂ ಟೀಚರೂ ಗ್ಯಾಲರಿಗೆ ಹೋದಾಗ ಕಂಬಿ ಖಾಲಿಯಿತ್ತು. ಚೀಟಿಗಳು ಮಾತ್ರ ಇದ್ದವು. ಗಾಳಿಯಲ್ಲಿ ಸೀಮೆಎಣ್ಣೆಯ ವಾಸನೆ.

ಚಾಳಿನಲ್ಲಿ ವಾಸಿಸಿದವರಿಗೆ ಇದನ್ನು ವಿವರಿಸಬೇಕಿಲ್ಲ, ಉಳಿದವರಿಗಾಗಿ ತಿಳಿಸುತ್ತೇನೆ. ಹೊಗೆಯ ಯಂತ್ರ ಗಲ್ಲಿಗೆ ತಿರುಗಿದೊಡನೆ ಯಾರಾದರೊಬ್ಬರು "ಧುವಾ ಆಯಾ, ಕಪಡಾ ಉಠಾವ್", ಹೊಗೆ ಬಂತು, ಬಟ್ಟೆ ಎತ್ತಿ, ಎಂದು ಕೂಗುತ್ತಾರೆ. ಆಗ ಮನೆಯಲ್ಲಿರುವವರು ಕೈಗೆ ಸಿಕ್ಕ ಬಟ್ಟೆಯನ್ನೆಲ್ಲ ಕಂಬಿಯಿಂದ ಎಳೆದು ತಮ್ಮ ಕೋಣೆಯೊಳಗೆ ಹಾಕಿಕೊಳ್ಳುತ್ತಾರೆ. ಯಾರ ಬಟ್ಟೆ ಎಂದು ನೋಡುವುದಿಲ್ಲ. ಮಡಚಿಡುತ್ತಾರೆ, ಆಮೇಲೆ ಬಂದು ಕೇಳಿದವರಿಗೆ ಕೊಡುತ್ತಾರೆ. ಕಂಬಿಯ ಮೇಲಿರುವ ಕೌದಿ ಪ್ರದರ್ಶನದ ವಸ್ತುವಾಗಿರಬಹುದೆಂದು ಅಲ್ಲಿ ಯಾರೂ ಭಾವಿಸಲಾರರು.

ಟೀಚರ್ ಖಾಲಿ ಕಂಬಿಯನ್ನು ನೋಡಿ ಹಿಂದಿಯಲ್ಲಿ, "ಯಾವ ಜಾಗವೂ ತನ್ನ ಕೆಲಸ ನಿಲ್ಲಿಸಬಾರದು ಅಂತ ನಾನೇ ಹೇಳಿದ್ದೆ. ನಿಲ್ಲಿಸಿಲ್ಲ ನೋಡಿ," ಎಂದರು.

ಹಳೆಯ ಎರಡು ಕೌದಿಗಳು ಗ್ಯಾಲರಿಯ ತುದಿಯ ಕೋಣೆಯಲ್ಲಿ ಒಡನೆಯೇ ಸಿಕ್ಕವು. ಸಣ್ಣದು ಸಿಗಲಿಲ್ಲ. ನಾನು ಹನ್ನೊಂದು ಬಾಗಿಲು ಬಡಿದೆ. ಒಂದು ಮನೆಯಲ್ಲಿ ನನ್ನದೇ ಎಂದು ಯಾರದೋ ಪಂಚೆ ಕೊಡಬಂದರು. ಇನ್ನೊಂದು ಬಾಗಿಲಿಗೆ ಬೀಗವಿತ್ತು. ಅದು ಮಂಗಳೂರಿನ ಕಡೆಯ ಒಬ್ಬ ಅಕ್ಕನ ಕೋಣೆ. ಅವರು ಮನೆಯಲ್ಲೇ ಬ್ಲೌಸುಗಳಿಗೆ ಹುಕ್ಕು, ಸೀರೆಗಳಿಗೆ ಫಾಲು ಹೊಲಿದುಕೊಡುತ್ತಾರೆ. ಸಮಯ ನಾಲ್ಕೂವರೆ ದಾಟಿತು. ಕೆಳಗೆ ನಾನಿಯ ಬಾಗಿಲು ತೆರೆದಿತ್ತು. ಒಳಗೆ ಜೋಳದ ರೊಟ್ಟಿ ಬಡಿಯುವ ಸದ್ದು ಮೆಟ್ಟಿಲಿಗೆ ಕೇಳಿಸುತ್ತಿತ್ತು. ನಾನು ಕೆಳಗಿಳಿಯುವ ಧೈರ್ಯ ಮಾಡದೆ ಬೀಗದ ಎದುರು ನಿಂತೆ. ಜೀವನದಲ್ಲಿ ನಾನು ಬರೆದುಕೊಟ್ಟ ಮಾತು ತಪ್ಪಿದ್ದು ಅದೇ ಮೊದಲು.

ಅಕ್ಕ ತರಕಾರಿ ಚೀಲ ಹಿಡಿದು ಬಂದರು. "ಎಂತ ಮಾರಾಯ್ರೇ, ನನ್ನ ಬಾಗಿಲು ಕಾಯ್ತಾ ಇದ್ದೀರಾ? ಬ್ಲೌಸ್ ಹೊಲಿಸ್ಲಿಕ್ಕುಂಟಾ?"

ಕೌದಿಯ ಬಗ್ಗೆ ಕೇಳಿದೆ.

"ಹೋ, ಆ ಸಣ್ಣದು. ಒಳಗುಂಟು. ನಾನು ತೆಗೆಯದಿದ್ದರೆ ಪೂರಾ ಹೊಗೆ ಕುಡೀತಿತ್ತು ಅದು." ಬೀಗ ತೆಗೆದು ಮಂಚದ ಮೇಲಿನಿಂದ ಕೌದಿಯನ್ನು ಕೈಗಿತ್ತರು. ಅಂಚಿಗೆ ಅಂಚು ಸೇರಿಸಿ ಮಡಚಿದ್ದರು. "ಒಂದು ಮೂಲೆ ಬಿಚ್ಚಿ ಹೋಗಿತ್ತು. ಪಾಪ, ಯಾರದ್ದೋ ಮಗುವಿಂದು ಅಂತ ಹೊಲಿದು ಬಿಟ್ಟೆ. ಪೈಸೆ ಎಲ್ಲ ಬೇಡ."

ನಾನು ಮಡಿಕೆ ಬಿಡಿಸಿದೆ. ಮೂರು ಮೂಲೆಗಳಲ್ಲಿ ನಾನಿಯ ಕೆಂಪು ದಾರದ ದೊಡ್ಡ ಹೊಲಿಗೆ. ನಾಲ್ಕನೆಯದರಲ್ಲಿ ನೀಲಿ ದಾರದ, ಅಕ್ಕಿಕಾಳಿಗಿಂತ ಚಿಕ್ಕದಾದ, ಒಂದಕ್ಕೊಂದು ತಾಗಿದ ಹೊಲಿಗೆ. ರೊಟ್ಟಿಯಿಲ್ಲದೆ ಮುಚ್ಚಿದ ಮೂಲೆ. ಸಂಗತಿಯನ್ನು ತಿಳಿಸಿದಾಗ ಅಕ್ಕ ತರಕಾರಿ ಚೀಲವನ್ನು ನೆಲಕ್ಕಿಟ್ಟು ಅಲ್ಲಿಯೇ ಕುಳಿತರು.

"ಗೊತ್ತಿದ್ದರೆ ಮುಟ್ತಿದ್ದೆನಾ ನಾನು? ಬಿಚ್ಚಿ ಕೊಡ್ತೇನೆ, ಎರಡು ನಿಮಿಷ. ಅವರಿಗೆ ಗೊತ್ತಾಗ್ಲಿಕ್ಕಿಲ್ಲ."

ಈ ಸಲಹೆಯನ್ನು ನಾನು ಒಪ್ಪುವ ಮನಸ್ಸು ಮಾಡಿದ್ದೆನೆಂಬುದನ್ನು ಮರೆಮಾಚುವುದಿಲ್ಲ. ಆದರೆ "ಪಡೆದ ಸ್ಥಿತಿಯಲ್ಲಿಯೇ" ಎಂದು ನಾನೇ ಬರೆದಿದ್ದೆ. ಬಿಚ್ಚಿ ಕೊಟ್ಟರೂ ಅದು ಪಡೆದ ಸ್ಥಿತಿಯಲ್ಲ. ಹೊಲಿದಂತೆಯೇ ತೆಗೆದುಕೊಂಡು ಹೋಗೋಣವೆಂದು ಹೇಳಿದೆ. ಅಕ್ಕ ಸೂಜಿಡಬ್ಬಿ ಹಿಡಿದು ನನ್ನ ಹಿಂದೆ ಬಂದರು.

ನಾನಿ ರೊಟ್ಟಿಯ ಹಂಚನ್ನು ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು ಕೌದಿಯನ್ನು ತೊಡೆಯ ಮೇಲೆ ಹರಡಿದರು. ನಾನು ಇನ್ನೂ ವಾಕ್ಯವನ್ನು ಜೋಡಿಸುತ್ತಿರುವಾಗಲೇ ಅವರ ಬೆರಳು ನಾಲ್ಕನೆಯ ಮೂಲೆಗೆ ತಲುಪಿ ನಿಂತಿತು. ಹೋಯಿತು, ಬಂತು, ಮತ್ತೆ ಹೋಯಿತು.

"ಯಾರ ಕೈ ಇದು?"

"ನನ್ನದು ನಾನಿ," ಎಂದರು ಅಕ್ಕ. "ಹರಿದದ್ದು ಅಂತ ಮಾಡಿದೆ. ತಪ್ಪಾಯ್ತು."

"ಬಾ, ಸಮೀಪ ಕೂಡು." ನಾನಿ ಅಕ್ಕನ ಕೈ ಹಿಡಿದು ಬೆರಳಿನ ತುದಿಯನ್ನು ಮುಟ್ಟಿ ನೋಡಿದರು. "ಇಷ್ಟು ಸಣ್ಣ ಹೊಲಿಗಿ ಹಾಕ್ತಿ, ಇಷ್ಟು ವರ್ಷ ಮ್ಯಾಲ ಮನಿಯಾಗ ಕುಂತು ಬ್ಲೌಸಿಗೆ ಹುಕ್ಕು ಹಚ್ಚತಿದ್ದೇನು?"

ಆಗ ನಾನಿ ನನ್ನ ಕಡೆಗೆ ತಿರುಗಿದರು. "ನಿಮಗೊಂದು ಹೇಳಿದ್ದಿಲ್ರಿ. ಎರಡು ತಿಂಗಳಾತು, ಸೂಜಿ ಕಣ್ಣಾಗ ದಾರ ಹೋಗವಲ್ದು. ಮೂರನೇ ಮೂಲಿಗೆ ಬರೂದ್ರಾಗ ಕೈ ತಪ್ಪಾಕ ಹತ್ತಿತ್ತು. ಈ ಮೂಲಿ ಯಾರ ಕಡಿಂದ ಹೊಲಸಲಿ ಅಂತ ಇವತ್ತು ಮುಂಜಾನಿಂದ ಅದ ಚಿಂತಿ ಆಗಿತ್ತು ನನಗ. ಮೊಮ್ಮಗಳಿಗೆ ಹೊಲಿಗಿ ಬರಂಗಿಲ್ಲ. ನಿಮ್ಮನ್ನ ಕೇಳಿದ್ರ ನೀವು ಅರ್ಜಿ ಬರೀತಿದ್ರಿ."

ಅಕ್ಕ ನಕ್ಕುಬಿಟ್ಟರು, ಕಣ್ಣು ಒದ್ದೆಯಿತ್ತು. ನಾನಿ ಹೇಳಿದಂತೆ ಎರಡು ಬೆರಳಗಲ ಮಾತ್ರ ಬಿಚ್ಚಿ, ಬಿಸಿ ರೊಟ್ಟಿಯ ಉಗುರಿನಷ್ಟು ಚೂರನ್ನು ಒಳಗಿಟ್ಟರು. ಆ ಬಿಚ್ಚಿದ ಜಾಗವನ್ನು ಕೆಂಪು ದಾರದಲ್ಲಿ ಮುಚ್ಚಲು ಹೊರಟಾಗ ನಾನಿ ತಡೆದರು. "ನೀಲೀನ ಇರಲಿ. ಎರಡು ಕೈ ಕೂಡಿದ್ದು ಕಾಣಬೇಕು."

ಕೊನೆಯ ಗಂಟು ಹಾಕುವಾಗ ಗಲ್ಲಿಯಲ್ಲಿ ಟ್ಯಾಕ್ಸಿ ನಿಂತಿತು. ಮೊಮ್ಮಗಳು ಮಗುವನ್ನು ಆಸ್ಪತ್ರೆಯ ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಒಳಗೆ ಬಂದಳು. ಮಗು ಎಷ್ಟು ಸಣ್ಣದಿತ್ತೆಂದರೆ, ಮೊಳದಗಲದ ಆ ಕೌದಿಯೂ ಅದಕ್ಕೆ ದೊಡ್ಡದಾಯಿತು. ನಾನಿ ಬಿಳಿ ಬಟ್ಟೆಯನ್ನು ತೆಗೆದು ಮಗುವನ್ನು ಕೌದಿಯ ಮೇಲೆ ಮಲಗಿಸಿದರು. ಅದು ಒಮ್ಮೆ ಮುಖ ಗಂಟಿಕ್ಕಿ, ಮುಷ್ಟಿ ಬಿಗಿದು, ನಿದ್ದೆ ಮುಂದುವರಿಸಿತು. ಚಹಾಪುಡಿಯ ಡಬ್ಬಿಯಿಂದ ನನ್ನ ಮುಚ್ಚಳಿಕೆ ನನಗೆ ಮರಳಿ ಬಂತು. ಅದಕ್ಕೆ ಇನ್ನೂ ಚಹಾದ ವಾಸನೆಯಿದೆ.

ಈ ವರ್ಷದ ಉತ್ಸವ ಹೋದ ವಾರ ಮುಗಿಯಿತು. ವಾರ್ಡ್ ಆಫೀಸಿಗೆ ಬರೆದ ಪತ್ರದಲ್ಲಿ ಹೊಗೆಯ ದಿನವನ್ನೂ ವೇಳೆಯನ್ನೂ ಪ್ರತ್ಯೇಕವಾಗಿ ನಮೂದಿಸಿ, ಎರಡು ಬಾರಿ ಓದಿ ಕಳುಹಿಸಿದ್ದೆ. ಕೌದಿಗಳನ್ನು ಈ ಸಲ ಕಂಬಿಯ ಮೇಲೆ ಹಾಕಲಿಲ್ಲ. ಎರಡನೆಯ ಮಾಳಿಗೆಯ ಗ್ಯಾಲರಿಯ ನೆಲದ ಮೇಲೆ ಹಾಸಿ, ಬಂದವರನ್ನು ಅವುಗಳ ಮೇಲೆಯೇ ಕೂರಿಸಿದೆವು. ನಡುವೆ ಒಂದು ಹೊಸ ಕೌದಿ ಇತ್ತು. ಚಾಳಿನ ಪ್ರತಿ ಕೋಣೆಯಿಂದ ಒಂದು ತುಂಡು ಬಟ್ಟೆ, ಬಂದವರಿಂದ ಒಂದು ಗೇಣು ಹೊಲಿಗೆ. ಅಕ್ಕ ಸೂಜಿಗಳಿಗೆ ದಾರ ಪೋಣಿಸಿ ಕೊಡುತ್ತಿದ್ದರು. ಬ್ಲೌಸಿನ ಕೆಲಸವನ್ನು ಅರ್ಧಕ್ಕಿಳಿಸಿ ಈಗ ಅವರು ಮಧ್ಯಾಹ್ನಗಳಲ್ಲಿ ನಾನಿಯೊಡನೆ ಕೌದಿ ಹೊಲಿಯುತ್ತಾರೆ. ನಾನಿ ಗೋಡೆಗೆ ಒರಗಿ ಕುಳಿತು ಬೆರಳಿನಿಂದ ಹೊಲಿಗೆ ಪರಿಶೀಲಿಸುತ್ತಿದ್ದರು. ವರ್ಷ ತುಂಬಿದ ಮಗು ತನ್ನ ಕೌದಿಯನ್ನು ಎಳೆದುಕೊಂಡು ಗ್ಯಾಲರಿಯುದ್ದಕ್ಕೂ ಅಂಬೆಗಾಲಿಟ್ಟು ತಿರುಗುತ್ತಿತ್ತು. ನೀಲಿ ಮೂಲೆಯನ್ನು ಅದು ಚೆನ್ನಾಗಿ ಚೀಪಿದೆ.

ನಾನು ಹಾಜರಿ ಪುಸ್ತಕ ಹಿಡಿದು ಬಂದವರ ಸಹಿ ಪಡೆಯುತ್ತಿದ್ದೆ. ಟೀಚರ್ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಸೂಜಿ ಕೊಟ್ಟು, ಸಹಿ ಇದರಲ್ಲಿ ಮಾಡಿರೆಂದರು. ಒಂದು ಗೇಣಿನ ಜಾಗದಲ್ಲಿ ಅರ್ಧ ಗೇಣು ಮುಗಿಸಲು ಒಂದು ಲೋಕಲ್ ಟ್ರೈನು ಬೊರಿವಲಿಗೆ ಹೋಗಿ ಬರುವಷ್ಟು ಹೊತ್ತಾಯಿತು.

ಸಂಜೆ ನಾನಿಯ ಬೆರಳು ಆ ಜಾಗಕ್ಕೆ ಬಂದು ನಿಂತಿತು.

"ಇದು ಸೂಪರ್‌ವೈಸರ್ ಸಾಹೇಬ್ರದು," ಎಂದರು. "ಭಾಳ ದೂರ ದೂರ ಹೊಲಿಗಿ. ನಡುವ ಏನೇನೋ ವಿಚಾರ ಮಾಡ್ಯಾರ."

"ಬಿಚ್ಚುದಾ ನಾನಿ?" ಎಂದು ಅಕ್ಕ ಕೇಳಿದರು.

"ಬ್ಯಾಡ. ಮುಂದಿನ ವರ್ಷ ಅವರನ್ನ ಅದರ ಬಾಜೂಕ ಮತ್ತ ಕುಂದರಸೂಣು, ನೆಟ್ಟಗ ಆಕ್ಕಾರ."

ಆ ಹೊಸ ಕೌದಿಯ ಒಂದು ಮೂಲೆಯನ್ನು ಈ ಸಲವೂ ಬಿಟ್ಟಿದ್ದಾರೆ. ಗಲ್ಲಿಗೆ ಮುಂದೆ ಬರುವ ಮಗು ಯಾರ ಮನೆಯದೋ ಇನ್ನೂ ತಿಳಿದಿಲ್ಲ. ಮೂಲೆ ಹರಿದದ್ದಲ್ಲ, ಬೇಕೆಂದೇ ಬಿಟ್ಟದ್ದು ಎಂಬ ಸೂಚನೆಯನ್ನು ನಾನು ನಾಲ್ಕು ಭಾಷೆಗಳಲ್ಲಿ ಬರೆದು, ಕೌದಿ ಇಟ್ಟಿರುವ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿದ್ದೇನೆ.