ಅಳಿಸಿಹೋದ ಬಾಣ

ನಮ್ಮ ಭಾವನನ್ನು ಲೋಹದ ಪ್ರಯೋಗಾಲಯದಲ್ಲಿ ಎಲ್ಲರೂ ಕರೆಯುವುದು ‘ಬಾಣ’ ಎಂದು. ಇಪ್ಪತ್ತಾರು ವರ್ಷಗಳಿಂದ ಮೆಗ್ನೀಸಿಯಂ ತುಂಡುಗಳನ್ನು ಕತ್ತರಿಸಿ, ಉಜ್ಜಿ, ಉಪ್ಪುನೀರಿನಲ್ಲಿ ಮುಳುಗಿಸಿ, ಎಷ್ಟು ಸವೆಯಿತು ಎಂದು ತೂಗುವುದೇ ಅವರ ಕೆಲಸ. ಪಕ್ಕದ ಮೇಜು ನನ್ನದು. ಕತ್ತರಿಸುವ ಮೊದಲು ಲೋಹದ ಹಲಗೆಯ ಮೇಲ್ಮೈ ಯಾವ ಕಡೆ ಎಂದು ತಿಳಿಯಲು ಭಾವ ಪ್ರತಿ ತುಂಡಿನ ಮೇಲೂ ಸೂಜಿಯಿಂದ ಬಾಣ ಗೀರುತ್ತಾರೆ. ಹೊಸಬರು ಗೀರಲು ಮರೆತರೆ ಅವರ ಏಳು ತಲೆಮಾರಿಗೂ ಬೈಗುಳ.

“ಒಳಗೆ ಸಣ್ಣ ಸಣ್ಣ ಹರಳಿರ್ತವೆ. ಲೋಹಾನ ಒತ್ತಿ ಹಲಗೆ ಮಾಡಿದಾಗ ಎಲ್ಲ ಇಸ್ಪೀಟ್ ಎಲೆ ಥರ ಒಂದೇ ಕಡೆಗೆ ಮಲಗ್ತವೆ. ಹಲಗೆ ಮೇಲ್ಮೈಗೆ ಉಪ್ಪು ತಾಗಿದ್ರೆ ತಡ್ಕೊಳ್ಳುತ್ತೆ, ಕತ್ತರಿಸಿದ ಅಂಚಿನ ಕಡೆ ತಾಗಿದ್ರೆ ಬೇಗ ತಿಂದುಹಾಕುತ್ತೆ. ಕಣ್ಣಿಗೆ ಎರಡೂ ಒಂದೇ. ಬಾಣ ಇಲ್ದಿದ್ರೆ ನೀನೂ ಕುರುಡ, ನಾನೂ ಕುರುಡ,” ಎನ್ನುತ್ತಿದ್ದರು.

ಭಾವನಿಗೆ ಒಬ್ಬಳೇ ಮಗಳು. ಹುಟ್ಟಿದಾಗಿನಿಂದ ಎಡಗಾಲಿಗೆ ಬಲವಿಲ್ಲ. ಕಾಲಿನ ಎರಡೂ ಬದಿಗೆ ಉಕ್ಕಿನ ಸರಳಿರುವ ಆಧಾರಪಟ್ಟಿ ಕಟ್ಟಿಕೊಂಡರೆ ನಿಲ್ಲುತ್ತಿದ್ದಳು, ಅದರ ಭಾರಕ್ಕೆ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಹೋದ ವರ್ಷ ಶಾಲೆಯಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿತು. ತರಗತಿ ಎರಡನೇ ಮಹಡಿಯಲ್ಲಿ.

“ಊರಿಗೆ ಉಪಕಾರಿ, ಮನೆಗೆ ಮಾರಿ,” ಎಂದು ಅಕ್ಕ ಚುಚ್ಚಿದಳು. “ಆ ಹಗುರ ಲೋಹದಲ್ಲಿ ಇವಳ ಕಾಲಿಗೊಂದು ಮಾಡಿಕೊಡಬಾರದಾ?”

ಭಾವ ಉಳಿಕೆಯ ದಪ್ಪ ಹಲಗೆಯಿಂದ ಎರಡು ಚೌಕದ ಸರಳು ಕತ್ತರಿಸಿದರು. ಬಾಣ ಗೀರಿಯೇ ಕತ್ತರಿಸಿದರು. ಆಮೇಲೆ, ಮಗಳ ಕಾಲಿಗೆ ಹಾಕುವುದಲ್ಲವೇ ಎಂದು, ನಾಲ್ಕೂ ಮಗ್ಗುಲನ್ನು ಕನ್ನಡಿಯ ಹಾಗೆ ಉಜ್ಜಿದರು. ಬಾಣವೂ ಹೋಯಿತು.

“ಮೇಲ್ಮೈ ಯಾವುದು ಅಂತ ಸೂಕ್ಷ್ಮದರ್ಶಕದಲ್ಲಿ ಒಂದ್ಸಲ ನೋಡಿಬಿಡಿ ಭಾವ. ಬೆವರೂ ಉಪ್ಪುನೀರೇ,” ಎಂದೆ.

“ಇಪ್ಪತ್ತಾರು ವರ್ಷದ ಕೈ ಕಣೋ ಇದು. ನನಗೆ ಗೊತ್ತು.”

ಒಂದು ಕೈ ವಾರ್ನಿಷ್ ಬಳಿದು, ತಾವು ಮೇಲ್ಮೈ ಎಂದುಕೊಂಡ ಮಗ್ಗುಲನ್ನು ಕಾಲಿನ ಕಡೆಗೆ ತಿರುಗಿಸಿ ಜೋಡಿಸಿಬಿಟ್ಟರು. ಅವತ್ತು ಜಗಳವಾಡದೆ ಸುಮ್ಮನಿದ್ದ ನನ್ನ ಮೇಲೆ ನನಗೆ ಈಗಲೂ ಸಿಟ್ಟಿದೆ.

ನಾಲ್ಕು ತಿಂಗಳು ಅವಳು ದಿನವೂ ಮೂವತ್ತೆಂಟು ಮೆಟ್ಟಿಲು ಹತ್ತಿದಳು. ಮನೆಗೆ ಬಂದರೆ ಮಕ್ಕಳ ಕಪಿಚೇಷ್ಟೆಯನ್ನು ಬಾಯಿ ಮುಚ್ಚದೆ ಹೇಳುತ್ತಿದ್ದಳು. ಅಕ್ಕ ಅಷ್ಟು ನಕ್ಕದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಒಂದು ಮಧ್ಯಾಹ್ನ ಇಳಿಯುವಾಗ ಒಳಮಗ್ಗುಲಿನ ಸರಳು ಮುರಿಯಿತು. ಮಂಡಿಚಿಪ್ಪು ಪುಡಿಯಾಯಿತು. ಆ ಕಾಲಿನ ಮೇಲೆ ಇನ್ನು ನಿಲ್ಲುವುದು ಆಗದ ಮಾತು ಎಂದರು ಡಾಕ್ಟರು. ಶಾಲೆಯವರು ಬೇರೆಯವರನ್ನು ತೆಗೆದುಕೊಂಡರು.

ಭಾವ ಮುರಿದ ತುಂಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಬೇಗ ಸವೆಯುವ ಅಂಚಿನ ಮಗ್ಗುಲೇ ಚರ್ಮದ ಕಡೆಗಿತ್ತು.

ಅಂದೇ ಸಂಜೆ ಆಸ್ಪತ್ರೆಗೆ ಹೋದೆವು. ಮಂಚದ ಪಕ್ಕದ ಸ್ಟೂಲಿನಲ್ಲಿ ಕುಳಿತು ಭಾವ ಹೇಳಿದರು:

“ನೀನು ಎಡವಲಿಲ್ಲಮ್ಮ. ನಾನೇ ತಪ್ಪು ಮಗ್ಗುಲು ತಿರುಗಿಸಿದ್ದೆ.”

ಅವಳು ಹೊದಿಕೆಯ ಅಂಚನ್ನು ಮಡಿಸಿದಳು.

“ಗೊತ್ತಿತ್ತಪ್ಪ, ಏನೋ ಸರಿಯಿಲ್ಲ ಅಂತ. ಒಂದು ತಿಂಗಳಿಂದ ಸರಳಿನಿಂದ ಕಾಲುಚೀಲದ ಮೇಲೆ ಬಿಳೀ ಪುಡಿ ಉದುರ್ತಿತ್ತು. ದಿನಾ ಒರೆಸಿಬಿಡ್ತಿದ್ದೆ.”

“ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ಬಿಚ್ಚಿಸಿಬಿಡ್ತಿದ್ದೆ ನೀನು.”

ಭಾವ ಈಗಲೂ ಕೆಲಸಕ್ಕೆ ಬರುತ್ತಾರೆ. ಹೊಸಬರು ಬಾಣ ಗೀರಲು ಮರೆತರೆ ಬೈಯುವುದಿಲ್ಲ. ತುಂಡನ್ನು ಅವರ ಕೈಯಿಂದ ತೆಗೆದುಕೊಂಡು ಸುಮ್ಮನೆ ಕಸದ ಡಬ್ಬಿಗೆ ಹಾಕುತ್ತಾರೆ.