ಹನುಮಕ್ಕನ ಕೊನೆಯ ಹಸು

ಶ್ರೀಗಂಧದ ಕಾವಲು ಎಂಬ ಊರಿಗೆ ಹನುಮಕ್ಕ ಮದುವೆಯಾಗಿ ಬಂದಾಗ ಕೊಟ್ಟಿಗೆ ತುಂಬ ದನಗಳಿದ್ದವು. ಎಪ್ಪತ್ತೆರಡರ ಬರ ಅವನ್ನು ಒಂದೊಂದಾಗಿ ನುಂಗಿ ಗೌರಿಯೊಂದನ್ನು ಉಳಿಸಿತು. ರಾಜಾಜಿನಗರದ ಮನೆಗಳ ಮುಂದೆ ನಿಲ್ಲಿಸಿ ಹಾಲು ಕರೆದುಕೊಡುತ್ತಿದ್ದ ಹಸು ಈಗ ಸೊರಗಿತ್ತು. ಮಕ್ಕಳಿಲ್ಲದ ಹನುಮಕ್ಕನಿಗೆ ಅದರ ಮೈ ತಡವದೆ ಬೆಳಗಾಗುತ್ತಿರಲಿಲ್ಲ.

ಪ್ರತಿ ವರ್ಷ ಕೆಂಗೇರಿಯಲ್ಲಿ ದನದ ಡಾಕ್ಟರುಗಳೂ ಹಸು ಸಾಕುವವರೂ ಸೇರುತ್ತಿದ್ದರು. ಬರದಲ್ಲೂ ಮೈ ಉಳಿಸಿಕೊಂಡ ಹಸುವಿಗೆ ಮಳೆಗಾಲದವರೆಗೆ ಮೇವು ಬಹುಮಾನವೆಂದು ಆ ಸಲ ಸಾರಿದರು. ಊರೆಲ್ಲ ಒಣಗಿರುವಾಗ ಹೊಟ್ಟೆ ತುಂಬಿದ ಹಸುವಿಗೇ ಮೇವು ಕೊಡುತ್ತಾರಂತೆ, ಅವರ ಬುದ್ಧಿಗಿಷ್ಟು! ಆದರೂ ಗೌರಿ ಉಳಿಯಲು ಹನುಮಕ್ಕನಿಗೆ ಬೇರೆ ದಾರಿಯಿರಲಿಲ್ಲ.

ಬೆಳಿಗ್ಗೆ ಗೌರಿಯ ಮೈ ತೊಳೆದು, ಕೊಂಬಿಗೆ ಎಣ್ಣೆ ಸವರಿ, ಗಂಡ ಬೈರಯ್ಯನೊಂದಿಗೆ ಹೊರಟಳು. ಎಲ್ಲ ಸರಿ, ಪಕ್ಕೆ ಮಾತ್ರ ಗುಳಿ ಬಿದ್ದಿತ್ತು. ದಾರಿ ಪಕ್ಕದ ಹೊಲದಲ್ಲಿ ಒಣಗಿ ನಿಂತ ಜೋಳದ ಬುಡದಿಂದ ಹಸಿರು ಚಿಗುರು ಎದ್ದಿತ್ತು. ಹನುಮಕ್ಕ ಗೌರಿಯನ್ನು ಅತ್ತ ತಿರುಗಿಸಿದಳು.

"ಬ್ಯಾಡ ಕಣೇ, ಒಣಗಿದ್ ಜೋಳದ್ ಚಿಗುರು ವಿಷ," ಅಂದ ಬೈರಯ್ಯ.

"ಹೋದ್ ವಾರ ಹನಿ ಬಿತ್ತಲ್ಲ? ಮಳೆ ಬಿದ್ರೆ ವಿಷ ಇಳಿಯುತ್ತೆ ಅಂತ ನೀವೇ ಹೇಳ್ತಿದ್ರಿ."

ಹೇಳುತ್ತಿದ್ದುದು ನಿಜ. ದನ ಕಾಯುವವರೆಲ್ಲ ನಂಬಿದ್ದ ಮಾತದು. ಆದರೆ ಅದು ನೆಲ ನೆನೆಸುವ ಮಳೆಯ ಮಾತು, ಧೂಳು ಅಡಗಿಸುವ ಹನಿಯದಲ್ಲ. ಎಷ್ಟೋ ತಿಂಗಳ ಮೇಲೆ ಹಸಿರು ಕಂಡ ಗೌರಿ ಗಬಗಬನೆ ಮೇಯ್ದಿತು. ತುಂಬಿದ ಪಕ್ಕೆ ನೋಡಿ ಹನುಮಕ್ಕ ಹಿಗ್ಗಿಹೋದಳು.

ಮೈದಾನ ತಲುಪಿದಾಗ ಮೈಕಿನಲ್ಲಿ ಭಾಷಣ ನಡೆದಿತ್ತು. ಗೌರಿ ಏದುಸಿರು ಬಿಡುತ್ತ ಮುಗ್ಗರಿಸಿ ಬಿತ್ತು. ಡಾಕ್ಟರುಗಳು ಓಡಿಬಂದರು. ಸಭೆಗೆಂದು ಬಂದವರ ಬಳಿ ಮದ್ದಿರಲಿಲ್ಲ, ತರಲು ಜೀಪು ಕಳಿಸಿದರು. ಜೀಪು ಗೇಟು ದಾಟುವಷ್ಟರಲ್ಲಿ ಹಸುವಿನ ಉಸಿರು ನಿಂತಿತು.

"ಯಾರ್ದೋ ಕಣ್ಣು ತಾಕ್ತು," ಅಂದರು ಜನ. ಹೆಂಡತಿಯ ಮಾನ ಉಳಿಯಲೆಂದು ಬೈರಯ್ಯನೂ ಹೂಂ ಅಂದ. ಆದರೆ ಸಂಜೆ ಅವರಲ್ಲಿ ಎಷ್ಟೋ ಜನ ಹಸಿದ ದನ ಹೊಡೆದುಕೊಂಡು ಅದೇ ದಾರಿಯಲ್ಲಿ ಹಿಂದಿರುಗುವವರು. ಹನುಮಕ್ಕ ಗೌರಿಯ ತಲೆಯನ್ನು ತೊಡೆಯಿಂದ ಇಳಿಸಿ ಎದ್ದಳು.

"ಕಣ್ಣಲ್ಲ. ನಾನೇ ಜೋಳದ ಚಿಗುರು ತಿನ್ಸಿ ಸಾಯ್ಸಿದೆ. ಆ ಹೊಲಕ್ಕೆ ಯಾರೂ ದನ ಬಿಡಬ್ಯಾಡ್ರಿ."

ಅಷ್ಟು ಜನರ ಮುಂದೆ ಹಾಗೆ ಹೇಳಲು ಎಂಥ ಗುಂಡಿಗೆ ಬೇಕು!

ಬಹುಮಾನ ಪಕ್ಕದ ಊರಿನ ಕೆಂಪಯ್ಯನ ಹಸುವಿಗೆ ಬಂತು. ಮಾರನೆಯ ಬೆಳಿಗ್ಗೆ ಅವನು ಒಂದು ಹೊರೆ ಹುಲ್ಲು ತಂದು ಹನುಮಕ್ಕನ ಬಾಗಿಲಲ್ಲಿ ಇಳಿಸಿದ. "ನೀನ್ ಹೇಳ್ದೆ ಇದ್ದಿದ್ರೆ ನನ್ ಹಸೂನೂ ಹೋಗ್ತಿತ್ತಮ್ಮ. ಇಟ್ಕೋ."

ಹನುಮಕ್ಕ ಒಂದು ತೆಕ್ಕೆ ಹುಲ್ಲು ಎತ್ತಿಕೊಂಡು ರೂಢಿಯಂತೆ ಕೊಟ್ಟಿಗೆಗೆ ಹೋದಳು. ಹೋದವಳು ತೆಕ್ಕೆಯ ಸಮೇತ ಹಾಗೇ ಈಚೆ ಬಂದು ನಿಂತಳು.

"ಯಾರಿಗ್ ಹಾಕ್ಲಿ ಅಣ್ಣ?"